ಎರಡೆಲೆಯ ಗುರುತು

ರಾಯಚೂರಿನ ಗಂಜ್ ಮಾರುಕಟ್ಟೆಯ ಕಡೆ ಮರಿಸ್ವಾಮಿಯ ಅಂಗಡಿಗೆ ಬರುವ ರೈತರು ಕೈಬೀಸಿಕೊಂಡು ಬರುವುದಿಲ್ಲ. ರುಮಾಲಿನ ಅಂಚಿನಲ್ಲೋ, ಪ್ಲಾಸ್ಟಿಕ್ ಚೀಲದಲ್ಲೋ, ಒಮ್ಮೊಮ್ಮೆ ಬುತ್ತಿ ಡಬ್ಬಿಯ ಮುಚ್ಚಳದಲ್ಲೋ ಬೇರು ಸಮೇತ ಒಂದು ಕಸದ ಸಸಿ ತಂದು ಕಟ್ಟೆಯ ಮೇಲಿಡುತ್ತಾರೆ.

"ಸಾವಕಾರ್ರ, ಹೊಲದ ತುಂಬ ಇದ ಎದ್ದದ ನೋಡ್ರಿ."

ಮರಿಸ್ವಾಮಿ ಕನ್ನಡಕವನ್ನು ಹಣೆಯ ವಿಭೂತಿಯ ತನಕ ಏರಿಸಿ, ಸಸಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ಹೆಸರು ಹೇಳುತ್ತಾನೆ. ಹೆಸರಿನ ಬೆನ್ನಿಗೇ ಎಣ್ಣೆಯ ಬಾಟಲಿ ಬರುತ್ತದೆ. ಬೆಳೆಗೆ ಹೊಡೆಯುವ ಔಷಧಿಗೆಲ್ಲ ಈ ಸೀಮೆಯಲ್ಲಿ ಎಣ್ಣೆ ಎಂದೇ ಹೆಸರು. ಕಸ ಸುಡುವುದು ಕಸದೆಣ್ಣೆ. ಮೂವತ್ತೊಂದು ವರ್ಷ ಕಸದೆಣ್ಣೆ ಮಾರಿದ ಮರಿಸ್ವಾಮಿಗೆ ಗುರುತು ಸಿಗದ ಕಸ ಇನ್ನೂ ಹುಟ್ಟಿಲ್ಲ ಎಂದು ಗಂಜಿನಲ್ಲಿ ಮಾತಿತ್ತು. ಆ ಮಾತನ್ನು ಮೊದಲು ಆಡಿದವನು ಮರಿಸ್ವಾಮಿಯೇ ಎಂಬುದೂ ಗಂಜಿಗೆ ಗೊತ್ತಿತ್ತು.

ಯಾರೂ ಗಮನಿಸದ ಸಂಗತಿ ಒಂದಿತ್ತು. ಕಸದೆಣ್ಣೆ ಹತ್ತುವುದು ಕಸಕ್ಕೆ ಎರಡೆಲೆ, ಹೆಚ್ಚೆಂದರೆ ನಾಲ್ಕೆಲೆ ಇದ್ದಾಗ. ಹೂ ಬಿಟ್ಟ ಗಿಡವನ್ನು ಯಾರಾದರೂ ತಂದರೆ ಮರಿಸ್ವಾಮಿ ಅದನ್ನು ಕೈಯಲ್ಲೂ ಮುಟ್ಟುತ್ತಿರಲಿಲ್ಲ. "ಹೂವಿಗೆ ಬಂದದ. ಇನ್ನ ಇದಕ್ಕ ನನ್ನ ಹಂತ್ಯಾಕ ಏನಿಲ್ಲ, ಆಳ ಹಚ್ಚಿ ಕೀಳಸ್ರಿ" ಎಂದು ಮುಂದಿನವನ ಕಡೆ ಹೊರಳುತ್ತಿದ್ದ. ಹೀಗಾಗಿ ಮೂರು ತಾಲ್ಲೂಕಿನ ಕಸವನ್ನೆಲ್ಲ ಅವನು ತೊಟ್ಟಿಲ ಕೂಸಾಗಿ ಬಲ್ಲ. ಮೈನೆರೆದು ನಿಂತದ್ದನ್ನು ಕಂಡವನಲ್ಲ.

ಅವನ ಹೆಸರಿಗೆ ಮಸಿ ಬಳಿದ ಕಸವೂ ಒಂದಿತ್ತು, ಹಿತ್ತಗಾಣಿ. ನೀರುಂಡ ಹೊಲದಲ್ಲಿ ನೆಲ ಹಿಡಿದು ಹರಿಯುವ, ಕೆಲವರು ಕನ್ನೆಸೊಪ್ಪು ಎನ್ನುವ ಬಳ್ಳಿ. ಯಾವ ಕಂಪನಿಯ ಎಣ್ಣೆಗೂ ಅದು ಬಗ್ಗುತ್ತಿರಲಿಲ್ಲ. ನಾಲ್ಕು ದಿನ ಸೊರಗಿದಂತೆ ನಟಿಸಿ, ಐದನೆಯ ದಿನ ಎದ್ದು ಕೂರುತ್ತಿತ್ತು. ಬಾಟಲಿ ಒಯ್ದ ರೈತ ವಾರದೊಳಗೆ ಬಂದು ಅಂಗಡಿಯ ಮುಂದೆ ನಾಲ್ಕು ಜನ ಕೇಳುವಂತೆ ಮಾತಾಡುತ್ತಿದ್ದ. ಅಂಥ ದಿನ ರಾತ್ರಿ ಊಟಕ್ಕೆ ಕೂತಾಗ ಮರಿಸ್ವಾಮಿ ಹಿತ್ತಗಾಣಿಯ ಕುಲಗೋತ್ರವನ್ನೆಲ್ಲ ಜಾಲಾಡುವನು. ಹೆಂಡತಿ ನಾಗರತ್ನಾ ರೊಟ್ಟಿ ಬಡಿಯುತ್ತಲೇ, "ಒಂದರೆ ಅದಲ್ಲ ನಿಮಗ ಬಗ್ಗಲಾರದ್ದು. ಚಲೋ ಆತು" ಎಂದು ಬೆನ್ನು ತಿರುಗಿಸಿ ನಗುವಳು.

ನಾಗರತ್ನಾ ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬ ಮಾಡುವಂತಿರಲಿಲ್ಲ. ಈ ವರ್ಷದ ದೀಪಾವಳಿ ಹದಿನೈದು ದಿನ ಇದೆ ಎನ್ನುವಾಗ ಮಗಳು ಕಾವ್ಯಾ ಊಟದ ನಡುವೆ ಮಾತು ತೆಗೆದಳು. ಕಾವ್ಯಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಒಂದು ಲೆಕ್ಕ ಎತ್ತಿಕೊಂಡರೆ ಬಿಡಿಸದೆ ಬಿಡುವವಳಲ್ಲ.

"ಅಪ್ಪಾ, ಈ ಸಲ ಪಾಡ್ಯಕ್ಕ ಪಾಂಡವ್ರನ್ನ ನಾ ಕೂಡಸ್ತೀನಿ. ದ್ರೌಪದಿ ತಲಿಮ್ಯಾಲ ಅವ್ವ ಒಂದು ನೀಲಿ ಹೂ ಇಡತಿದ್ಲಲ್ಲ, ಅದು ಯಾವುದು?"

ಪಾಡ್ಯದ ಬೆಳಿಗ್ಗೆ ಹೊಸ್ತಿಲ ಮುಂದೆ ಸೆಗಣಿಯ ಪಾಂಡವರನ್ನು ಕೂಡಿಸುವುದು ಈ ಕಡೆಯ ಪದ್ಧತಿ. ಐದು ಗುಪ್ಪೆ ಗಂಡಸರಿಗೆ, ಒಂದು ದ್ರೌಪದಿಗೆ. ಒಂದೊಂದಕ್ಕೂ ಉತ್ತರಾಣಿ ಕಡ್ಡಿ, ಹೊನ್ನಂಬ್ರಿಯ ಹಳದಿ, ಅಣ್ಣಿ ಹೂವಿನ ಕುಚ್ಚು, ಚೆಂಡುಹೂ. ಇವೆಲ್ಲ ಹಬ್ಬದ ಮುನ್ನಾದಿನ ಪೇಟೆಯ ತೀನ್ ಕಂದೀಲ್ ಚೌಕದಲ್ಲಿ ಮಾರಾಟಕ್ಕೆ ರಾಶಿ ಬೀಳುತ್ತವೆ. ಆದರೆ ದ್ರೌಪದಿಯ ನೀಲಿ ಹೂ ಮಾರಾಟಕ್ಕೆ ಬರುವಂಥದಲ್ಲ. ಅದು ನಾಗರತ್ನಾಳ ತವರು, ಮಾನ್ವಿ ತಾಲ್ಲೂಕಿನ ಬಾಗಲವಾಡದ ಒಂದು ಮನೆಯ ರೂಢಿ. ತಾಯಿ ಅನ್ನಮ್ಮನಿಂದ ಮಗಳಿಗೆ ಬಂದದ್ದು. ಅನ್ನಮ್ಮ ಹೋಗಿ ಎಂಟು ವರ್ಷವಾಗಿತ್ತು.

ಮರಿಸ್ವಾಮಿಯ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು. ಹೂವಿನ ಹೆಸರು ಗೊತ್ತಿಲ್ಲ ಎಂದು ಇವತ್ತಿನ ತನಕ ಯಾರ ಮುಂದೆಯೂ ಹೇಳಿದವನಲ್ಲ.

"ನೋಡೋಣು" ಎಂದ.

ಗೊತ್ತಿದ್ದದ್ದು ಇಷ್ಟೇ. ಪ್ರತಿ ದೀಪಾವಳಿಗೆ ಮುಂಚೆ ಗಂಡಹೆಂಡತಿ ಬಾಗಲವಾಡಕ್ಕೆ ಹೋಗಿ ಒಂದು ದಿನ ಇದ್ದು ಮರುದಿನ ಬೆಳಿಗ್ಗೆ ಮಾನ್ವಿ ದಾರಿ ಹಿಡಿದು ವಾಪಸು ಬರುತ್ತಿದ್ದರು. ಕಾಲುವೆಯ ಸೇತುವೆ ದಾಟಿದ ಕೂಡಲೆ ಹಿಂದಿನಿಂದ ಅವನ ಹೆಗಲಿಗೆ ಎರಡು ಬೆರಳು ತಾಕುತ್ತಿದ್ದವು. "ಒಂದೀಟು ನಿಲ್ಲಸ್ರಿ." ನಿಲ್ಲಿಸುತ್ತಿದ್ದ, ಆದರೆ ಇಂಜಿನ್ ಆರಿಸುತ್ತಿರಲಿಲ್ಲ. ಅವಳು ಸೀರೆ ಎತ್ತಿ ಕಟ್ಟಿ ರಸ್ತೆಯ ಇಳಿಜಾರಿನಲ್ಲಿ ಇಳಿಯುತ್ತಿದ್ದಳು. ಅವನು ಹಬ್ಬದ ಗಿರಾಕಿಗಳನ್ನು ನೆನೆಯುತ್ತ ಕೈಯಲ್ಲಿ ಆಕ್ಸಿಲರೇಟರ್ ತಿರುವುತ್ತಿದ್ದ. "ಮುಗೀತೇನು?" "ಮುಗೀತು, ನಡೀರಿ." ಅವಳ ಕೈಯಲ್ಲಿ ಒಂದು ಒದ್ದೆ ಬಟ್ಟೆಯ ಗಂಟು. ಮೋಟರ್ ಸೈಕಲ್ ಹೋಗಿ ಕಾರು ಬಂದ ಮೇಲೆ ಆಕ್ಸಿಲರೇಟರ್ ಬಿಟ್ಟು ಹಾರ್ನ್ ಹೊಡೆಯತೊಡಗಿದ, ಬದಲಾದದ್ದು ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ತಿರುಗಿ ಅವಳು ಬಗ್ಗಿದ ಕಡೆ ನೋಡಿರಲಿಲ್ಲ. ಒಂದೇ ಒಂದು ಸಲ, ಯಾಕೋ ಮನಸ್ಸಿಗೆ ಬಂದು, "ಏನಾ ಅದು?" ಎಂದು ಕೇಳಿದ್ದ.

"ನಿಮಗ ಗೊತ್ತಿದ್ದದ್ದ" ಎಂದಿದ್ದಳು.

ಗೇಲಿ ಮಾಡುತ್ತಿದ್ದಾಳೆ ಅಂದುಕೊಂಡು ಗೇರ್ ಹಾಕಿದ್ದ.

ಕಾವ್ಯಾಳ ಫೋನಿನಲ್ಲಿ ನಾಲ್ಕು ವರ್ಷದ ಹಿಂದಿನ ಪಾಡ್ಯದ ಫೋಟೋ ಒಂದು ಸಿಕ್ಕಿತು. ಅದರಲ್ಲಿ ನಾಗರತ್ನಾಳ ಅರ್ಧ ಕೈ ಇತ್ತು, ಬಳೆ ಇತ್ತು, ಸೆಗಣಿಯ ಮೇಲೆ ನೀಲಿ ಚುಕ್ಕೆ ಇತ್ತು. ಹೂವಿನ ಹೆಸರು ಹೇಳುವ ಆ್ಯಪ್ ಒಂದಕ್ಕೆ ಅದನ್ನು ತೋರಿಸಿದಳು. ಆ್ಯಪ್ ಬಹಳ ಹೊತ್ತು ಯೋಚನೆ ಮಾಡಿ, ಇದು ಅಣಬೆ ಇರಬಹುದು ಎಂದಿತು. ಚಿತ್ರವನ್ನು ಹಿಗ್ಗಿಸಿದಷ್ಟೂ ಹೂ ಮಸುಕಾಯಿತು. ಕೈ ಮಾತ್ರ ಸ್ಪಷ್ಟವಾಗುತ್ತ ಹೋಯಿತು. ಇಬ್ಬರೂ ಸ್ವಲ್ಪ ಹೊತ್ತು ಕೈಯನ್ನೇ ನೋಡಿದರು.

ಬಾಗಲವಾಡಕ್ಕೆ ಫೋನು ಹೋಯಿತು. ನಾಗರತ್ನಾಳ ತಮ್ಮ ಹಂಪಣ್ಣ, "ಹೆಣ್ಮಕ್ಕಳ ಹೂವಿನ ಸುದ್ದಿ ನನಗೇನ ತಿಳೀತದ ಮಾಮಾ, ಭತ್ತದ ಸುದ್ದಿ ಕೇಳ್ರಿ" ಎಂದ. ಕೇಳದಿದ್ದರೂ ಹೇಳಿದ, ಇಪ್ಪತ್ತು ನಿಮಿಷ.

ಇನ್ನು ತಾನೇ ಹುಡುಕಬೇಕು. ಅಂಗಡಿಯನ್ನು ಕೆಲಸದವರಿಗೆ ಬಿಟ್ಟು ಸಂಜೆ ನಾಲ್ಕಕ್ಕೆ ಮರಿಸ್ವಾಮಿ ಮಾನ್ವಿ ರಸ್ತೆಗೆ ಹೊರಟ. ಮರುದಿನವೂ ಹೊರಟ. ಪಕ್ಕದಲ್ಲಿ ಸ್ಪ್ರೇ ಪಂಪ್ ರಿಪೇರಿ ಮಾಡುವ ಬುರ್ಹಾನುದ್ದೀನ್ ಸುದ್ದಿ ತಿಳಿದು, ಕೈಯಲ್ಲಿದ್ದ ವಾಷರನ್ನು ಕೆಳಗಿಟ್ಟು ಬಂದ.

"ಸ್ವಾಮ್ಯಾರ, ಮೂವತ್ತ ವರ್ಸ ಆ ಖಾಂದಾನಿಗೆಲ್ಲ ಜಹರ್ ಹಾಕಿರಿ. ಈಗ ಮನಿ ವಿಳಾಸ ಕೇಳ್ಕೊಂತ ಹೊಂಟೀರಿ. ಅವು ಬಾಗಲಾ ತೆಗೀತಾವೇನು?"

"ನಿನ್ನ ಪಂಪಿಲೆ ಹೊಡದದ್ದಪಾ ಜಹರು. ನೀನೂ ಬಾ, ಇಬ್ಬರೂ ಕೂಡಿ ಮಾಫಿ ಕೇಳೋಣು" ಎಂದ ಮರಿಸ್ವಾಮಿ.

ರಸ್ತೆಬದಿಗೆ ಇಳಿದವನಿಗೆ ಮೊದಲು ಆದದ್ದು ದಿಗಿಲು. ಯಾವ ಮುಖವೂ ಗುರುತಿನದಲ್ಲ. ಆಳೆತ್ತರದ ಪೊದೆಯ ಮೇಲೆ ಹಳದಿ, ಬೇಲಿಯ ಮೇಲೆ ನೀಲಿ, ಗುಲಾಬಿ ಕುಚ್ಚುಗಳು ಗಾಳಿಗೆ ಓಲಾಡುತ್ತಿದ್ದವು. ಲಾರಿ ಹಾದಾಗ ಎಲ್ಲವೂ ಒಟ್ಟಿಗೇ ತಲೆಬಾಗಿ ಮತ್ತೆ ಎದ್ದು ನಿಲ್ಲುತ್ತಿದ್ದವು. ಅವನು ಒಂದು ಉಪಾಯ ಹೂಡಿದ. ಹೂ ಕಂಡಲ್ಲಿ ಕುಕ್ಕರಗಾಲಲ್ಲಿ ಕೂತು ಅದರ ಬುಡದಲ್ಲಿ ಮರಿ ಸಸಿ ಎದ್ದಿದೆಯೇ ಎಂದು ಹುಡುಕುವುದು. ಮರಿ ಸಿಕ್ಕರೆ ತಾಯಿಯ ಗುರುತು ಹತ್ತುತ್ತಿತ್ತು. "ಓ, ನೀನೇನು" ಎಂದು ಏಳುತ್ತಿದ್ದ. ಬೆಳಿಗ್ಗೆ ಆರಕ್ಕೆ ಲಿಂಗಕ್ಕೆ ಏರಿಸುವ ತುಂಬೆ ಹೂವೂ ಹತ್ತಕ್ಕೆ ಅಂಗಡಿಯಲ್ಲಿ ಸುಡಲು ಹೇಳುವ ತುಂಬೆ ಕಸವೂ ಒಂದೇ ಗಿಡ ಎಂಬುದು ಅವನ ಎದೆಗೆ ತಾಕಿದ್ದು ಆವತ್ತು, ಐವತ್ತೊಂಬತ್ತನೆಯ ವಯಸ್ಸಿಗೆ. ಹೆಸರು ಎರಡೂ ಕಡೆ ಒಂದೇ ಇತ್ತು. ಆದರೆ ಪೂಜೆಗೂ ಅಂಗಡಿಗೂ ನಡುವೆ ಅವನು ಒಂದು ಗಟ್ಟಿ ಗೋಡೆ ಎಬ್ಬಿಸಿಕೊಂಡಿದ್ದ.

ದಿನಾ ಸಂಜೆ ಒಂದು ಹಿಡಿ ಹೂ ಮನೆಗೆ ಬರತೊಡಗಿತು. ಕಾವ್ಯಾ ಪರೀಕ್ಷೆ ಪೇಪರಿನಂತೆ ಒಂದೊಂದನ್ನೇ ನೋಡಿ ಬದಿಗಿಡುವಳು.

"ಇದು ಗೋಕರ್ಣ. ಅಲ್ಲಪಾ, ಇಷ್ಟ ದೊಡ್ಡದಲ್ಲ."

"ಇದು?"

"ಇದು ಗೋರಂಟಿ. ನೀಲಿನೂ ಅಲ್ಲ ಇದು, ಕನ್ನಡಕ ಬದಲಿ ಮಾಡಸು. ಅವ್ವಂದು ಸಣ್ಣದು. ಎರಡ ಎಸಳು ಮ್ಯಾಲಕ್ಕ ನಿಂತಿರತಿದ್ವು, ಇಲಿ ಕಿವಿ ಇದ್ದಂಗ."

ಇಲಿ ಕಿವಿಯಂಥ ನೀಲಿ ಹೂ ಮಾನ್ವಿ ರಸ್ತೆಯ ಇಬ್ಬದಿಯಲ್ಲೂ ಇರಲಿಲ್ಲ. ಸೇತುವೆಯ ಹತ್ತಿರದ ಇಳಿಜಾರನ್ನು ಅವನು ನಾಲ್ಕು ಸಂಜೆ ಅಂಗುಲಂಗುಲ ಕೆದಕಿದ. ಅವಳು ಇಳಿಯುತ್ತಿದ್ದ ಜಾಗ ಇದೋ ಅದೋ ಎಂಬುದೂ ಖಾತ್ರಿಯಿರಲಿಲ್ಲ. ಕಾಯುವಾಗ ಅವನ ಕಣ್ಣು ಇದ್ದದ್ದು ಮುಂದಿನ ಮೈಲಿಗಲ್ಲಿನ ಮೇಲೆ. ಈಗ ಆ ಮೈಲಿಗಲ್ಲಿನ ಎದುರು ನಿಂತು, ಬೆನ್ನ ಹಿಂದೆ ಅವಳ ಬಳೆಯ ಸದ್ದು ಯಾವ ದಿಕ್ಕಿನಿಂದ ಬರುತ್ತಿತ್ತು ಎಂದು ನೆನಪಿಸಿಕೊಂಡು, ಅತ್ತ ತಿರುಗಿ ನಡೆದ. ಅಲ್ಲಿ ಹಸಿರು ಬಳ್ಳಿ ದಟ್ಟವಾಗಿ ಹಬ್ಬಿತ್ತು. ಹೂವಿಲ್ಲದ ಹಸಿರನ್ನು ತುಳಿದುಕೊಂಡು ಆಚೆ ದಾಟಿದ.

ಅಮವಾಸ್ಯೆಗೆ ಒಂದು ದಿನ ಉಳಿಯಿತು. ಹುಡುಕಾಟ ಕೈಬಿಟ್ಟ ಮರಿಸ್ವಾಮಿ, ದೇವರಿಗಾದರೂ ಒಂದು ಮಾತು ಹೇಳಿ ಬರೋಣವೆಂದು ನಸುಕಿನಲ್ಲೇ ದೇವದುರ್ಗ ತಾಲ್ಲೂಕಿನ ಗೂಗಲ್‌ಗೆ ಹೋದ. ಕೃಷ್ಣೆಯ ದಂಡೆಯ ಅಲ್ಲಮಪ್ರಭುವಿನ ಗುಡಿಗೆ ನಾಗರತ್ನಾ ವರ್ಷಕ್ಕೊಮ್ಮೆ ಅವನನ್ನು ಎಳೆದು ತರುತ್ತಿದ್ದಳು. ಒಬ್ಬನೇ ಬಂದದ್ದು ಇದೇ ಮೊದಲು. ಕೈಮುಗಿದು ನಿಂತರೆ ಬೇಡಲು ಏನೂ ತೋಚಲಿಲ್ಲ. ಒಂದು ಕಸದ ಹೂವಿಗೆ ಪ್ರಭುವನ್ನು ತೊಂದರೆಗೆ ಹಚ್ಚುವುದು ವ್ಯಾಪಾರಸ್ಥನ ಬುದ್ಧಿಗೆ ಸರಿ ಕಾಣಲಿಲ್ಲ. ಬರೇ ಕೈಮುಗಿದು ಬಂದ.

ವಾಪಸು ಬರುವಾಗ ಎಂಟೂವರೆ ಇರಬೇಕು. ರಸ್ತೆಗೆ ಹತ್ತಿದಂತೆ ಒಂದು ಮೆಣಸಿನಕಾಯಿ ಹೊಲ, ಅದರಲ್ಲಿ ಆರೇಳು ಹೆಂಗಸರು ಸಾಲು ಹಿಡಿದು ಕಸ ತೆಗೆಯುತ್ತಿದ್ದರು. ಅಭ್ಯಾಸ ಬಿದ್ದಿತ್ತಲ್ಲ, ಕಾರು ನಿಲ್ಲಿಸಿ ಇಳಿಜಾರಿಗೆ ಇಳಿದು ನೆಲ ನೋಡುತ್ತ ನಡೆದ. ಸಾಲಿನ ತುದಿಯಲ್ಲಿದ್ದ ಮುದುಕಿಯೊಬ್ಬಳು ಕಸ ಕೀಳುವ ಕುರ್ಚಿಗಿ ನಿಲ್ಲಿಸಿ ತಲೆ ಎತ್ತಿದಳು. ಅವಳನ್ನು ಉಳಿದವರು ತಿಮ್ಮವ್ವ ಎನ್ನುತ್ತಿದ್ದರು.

"ಏನ ಹುಡುಕಾಕತ್ತೀರಿ ಯಪ್ಪಾ? ಕೀಲಿಕೈ ಬಿತ್ತೇನು?"

"ಇಲ್ಲವ್ವಾ. ಒಂದು ಹೂ."

"ಈ ವಯಸ್ಸಿನಾಗ?"

ಸಾಲು ಪೂರ್ತಿ ನಕ್ಕಿತು. ಮರಿಸ್ವಾಮಿಗೂ ನಗು ಬಂತು. "ನೀಲಿದವ್ವಾ. ಸಣ್ಣದು. ಇಲಿ ಕಿವಿಯಂಗ ಎರಡ ಎಸಳು. ಹತ್ತ ದಿನ ಆತು, ಮಾನ್ವಿ ರಸ್ತೆದಾಗ ಹುಡುಕಿ ಹುಡುಕಿ ಸಾಕಾತು."

"ಯಾ ಹೊತ್ತಿನ್ಯಾಗ ಹುಡುಕಿದ್ರಿ?"

"ಸಂಜಿಮುಂದ. ಅಂಗಡಿ ಕೆಲಸ ಮುಗಿಸಿ."

"ನಿಮ್ಮ ಅಂಗಡಿ ಮುಗಿಯೋತನ ಅದು ಕುಂತಿರತದೇನ್ರಿ?" ತಿಮ್ಮವ್ವ ಪಕ್ಕದ ಕಸದ ಗುಪ್ಪೆಗೆ ಕೈಹಾಕಿ ಒಂದು ಬಳ್ಳಿ ಎಳೆದು ಅವನತ್ತ ಚಾಚಿದಳು. "ಇದನ್ನ ನೋಡ್ರಿ."

ಮರಿಸ್ವಾಮಿ ಕನ್ನಡಕ ಹಣೆಗೇರಿಸಿದ. ಎಲೆಯನ್ನು ಎರಡು ಬೆರಳಲ್ಲಿ ಹಿಡಿದ. ಬಾಯಿ ತಾನಾಗಿಯೇ ತೆರೆಯಿತು. "ಇದು ಹಿತ್ತಗಾಣಿ. ದರಿದ್ರದ್ದು. ಇದಕ್ಕ ಎರಡೆಲಿ ಇದ್ದಾಗ ಹೊಡೀಬೇಕು, ಎಕರೆಗೆ..."

"ಎಲಿ ಸಾಕು ಬಿಡ್ರಿ. ತಲಿ ನೋಡ್ರಿ."

ಅವನು ಬಳ್ಳಿಯನ್ನು ತಿರುಗಿಸಿದ. ತುದಿಯಲ್ಲಿ ಎಲೆಯೇ ಮಡಚಿ ದೋಣಿಯಾದಂಥ ಒಂದು ಹಸಿರು ಚೀಲ. ಅದರ ಬಾಯಿಂದ ಎರಡು ನೀಲಿ ಕಿವಿ ನಿಮಿರಿ ನಿಂತಿದ್ದವು. ಇಬ್ಬನಿ ಇನ್ನೂ ಆರಿರಲಿಲ್ಲ.

ಅವನು ಅಲ್ಲಿಯೇ ಬದುವಿನ ಮೇಲೆ ಕೂತ. ಬಿಳಿ ಪಂಚೆಗೆ ಎರೆಮಣ್ಣು ಹತ್ತಿದ್ದು ತಿಳಿಯಲಿಲ್ಲ. ಹಿಂದಿನಿಂದ ಹೆಗಲಿಗೆ ಎರಡು ಬೆರಳು ತಾಕಿದಂತಾಯಿತು. ನಿಮಗ ಗೊತ್ತಿದ್ದದ್ದ. ಇಪ್ಪತ್ತಾರು ವರ್ಷ ಅವಳು ಅವನ ವೈರಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅವನದೇ ಗಾಡಿಯಲ್ಲಿ ಮನೆಗೆ ತಂದಿದ್ದಳು, ಅವನದೇ ಹೊಸ್ತಿಲ ಮುಂದೆ ದ್ರೌಪದಿಯ ತಲೆಯ ಮೇಲೆ ಕೂರಿಸಿದ್ದಳು. ಅದಕ್ಕೆ ಅವನೂ ಅಡ್ಡಬಿದ್ದು ಅಂಗಡಿಗೆ ಹೋಗಿದ್ದ. ಆ ನಗುವನ್ನು ಅವಳು ಒಬ್ಬಳೇ ನಕ್ಕಿದ್ದಳು. ಅವನು ಒಂದು ಸಲ ತಿರುಗಿ ನೋಡಿದ್ದರೆ ಇಬ್ಬರೂ ನಗಬಹುದಿತ್ತು.

"ಅಂಗಡಿ ಅಂದ್ರಿ. ಕಸದೆಣ್ಣಿ ಅಂಗಡೇನ್ರಿ?" ತಿಮ್ಮವ್ವ ಕೇಳಿದಳು.

"ಹೌದವ್ವಾ."

"ನೋಡ್ರೇ, ನಮ್ಮ ಕೂಲಿಗೆ ಕಲ್ಲ ಹಾಕೋರು ಇವರ" ಎಂದು ಅವಳು ಸಾಲಿಗೆ ಹೇಳಿದಳು. ಅವನ ಕಡೆ ತಿರುಗಿ, "ಬ್ಯಾರೆ ಕಸಾ ಎಲ್ಲ ನಿಮ್ಮ ಎಣ್ಣಿಗೆ ಸತ್ತಾವರಿ. ಇದೊಂದು ಸಾಯಲಾರದ್ದಕ್ಕ ನಮಗ ಇವತ್ತ ಕೆಲಸ ಅದ. ಯಾಕ ಸಾಯಂಗಿಲ್ಲ ಗೊತ್ತದೇನು?" ಎಂದು ಇನ್ನೊಂದು ಗಿಡವನ್ನು ಬೇರು ಸಮೇತ ಮೀಟಿ, ಮಣ್ಣು ಕೊಡವಿ ಹಿಡಿದಳು. ಬೇರುಗಳ ನಡುವೆ ಮಣ್ಣೊಳಗೇ ಬೆಳೆದ ಬಿಳಿಯ ಪುಟ್ಟ ಚೀಲಗಳಿದ್ದವು. "ಮ್ಯಾಲೊಂದು ಹೂವು, ಒಳಗೊಂದು ಹೂವು. ಬಿಸಲ ಕಾಣಲಾರದ, ಬಣ್ಣಿಲ್ಲದ ಒಳಗ ಬೀಜ ಕಟ್ಟತದ. ಮ್ಯಾಲಿಂದು ನೀವು ಸುಡ್ರಿ, ಒಳಗಿಂದು ಹ್ಯಾಂಗ ಸುಡತೀರಿ?"

ಮೂವತ್ತೊಂದು ವರ್ಷದಲ್ಲಿ ಯಾವ ಕಂಪನಿಯವನೂ ಅವನಿಗೆ ಇದನ್ನು ತೋರಿಸಿರಲಿಲ್ಲ. ತೋರಿಸಿದ್ದರೆ ಬಾಟಲಿ ಮಾರುವುದು ಕಷ್ಟವಾಗುತ್ತಿತ್ತು.

"ಯಾರಿಗ್ರಿ ಹೂವು?"

"ಮನಿಯಾಕಿ ಇಡತಿದ್ಲು. ಪಾಡ್ಯಕ್ಕ, ದ್ರೌಪದಿಗೆ."

ಇಡತಿದ್ಲು ಎಂದದ್ದು ಸಾಲಿಗೆಲ್ಲ ಕೇಳಿಸಿತು. ಈ ಸಲ ಯಾರೂ ನಗಲಿಲ್ಲ. ತಿಮ್ಮವ್ವ ಅವನ ಕೈಯಲ್ಲಿದ್ದ ಬಳ್ಳಿಯನ್ನು ವಾಪಸು ಇಸಗೊಂಡಳು.

"ಇದು ಬ್ಯಾಡ. ಇದು ಇವತ್ತಿಂದು. ಹೊತ್ತೇರಿದ್ರ ಕರಗಿ ನೀರಾಗತದ." ಬದುವಿನಿಂದ ಮೂರು ನಾಲ್ಕು ಗಿಡ ನೋಡಿ ನೋಡಿ ಕಿತ್ತಳು. "ಈ ಚೀಲದಾಗ ಒಂದರ ಹಿಂದ ಒಂದು ಮೊಗ್ಗಿರತಾವು. ಹೂ ಹರೀಬಾರದ್ರಿ, ಗಿಡಾನ ಒಯ್ದು ನೀರಾಗ ಇಡಬೇಕು. ಪಾಡ್ಯದ ಮುಂಜಾನಿ ತಾನ ತೆರೀತದ. ಅರಿವಿ ಅದೇನ್ರಿ?"

ಮರಿಸ್ವಾಮಿ ಹೆಗಲ ಮೇಲಿನ ವಸ್ತ್ರ ಕೊಟ್ಟ. ಅವಳು ಕುಡಿಯುವ ನೀರಿನ ಬಾಟಲಿಯಿಂದ ಅದನ್ನು ಒದ್ದೆ ಮಾಡಿ ಗಿಡಗಳನ್ನು ಸುತ್ತಿದಳು. ಗಂಟಿನ ಆಕಾರ, ತೂಕ ಕೈಗೆ ಬಂದಾಗ ಅವನಿಗೆ ಗುರುತು ಹತ್ತಿತು. ಇದನ್ನು ಅವನು ನೋಡಿದ್ದ. ಇದನ್ನೇ ಇಪ್ಪತ್ತಾರು ಸಲ ನೋಡಿದ್ದ.

ಅಡಿಗೆಮನೆಯ ಕಿಟಕಿಯಲ್ಲಿ ಸ್ಟೀಲ್ ಲೋಟಕ್ಕೆ ನೀರು ತುಂಬಿ ಗಿಡ ಇಡುವಾಗ ಇನ್ನೊಂದು ನೆನಪಾಯಿತು. ಹಬ್ಬದ ದಿನಗಳಲ್ಲಿ ಇದೇ ಜಾಗದಲ್ಲಿ ಇಂಥದೇ ಲೋಟ ಇರುತ್ತಿತ್ತು. ಒಮ್ಮೆ ಕಸ ಅಂದುಕೊಂಡು ಚೆಲ್ಲಲು ಹೋದಾಗ ನಾಗರತ್ನಾ, "ಅದನ್ನ ಮುಟ್ಟಬ್ಯಾಡ್ರಿ, ಅದು ನಿಮ್ಮ ಕೈಗೆ ಅಂಜತದ" ಎಂದಿದ್ದಳು.

ಎರಡು ದಿನ ಮನೆಯಲ್ಲಿ ಲೋಟದ್ದೇ ಕಾವಲಾಯಿತು. ಅಮವಾಸ್ಯೆಯ ಬೆಳಿಗ್ಗೆ ಒಂದು ಹೂ ಬಿಟ್ಟು ಮಧ್ಯಾಹ್ನದೊಳಗೆ ಮುಗಿಯಿತು. ನಾಳೆಗೆ ಉಳಿದಿದೆಯೋ ಇಲ್ಲವೋ ಎಂದು ಮರಿಸ್ವಾಮಿ ಗಳಿಗೆಗೊಮ್ಮೆ ಕಿಟಕಿಯ ಹತ್ತಿರ ಹೋಗಿ ಬಂದ. ಕಸ ಬದುಕಲಿ ಎಂದು ಅವನು ಹಾರೈಸಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಪಾಡ್ಯದ ಬೆಳಿಗ್ಗೆ ಒಂದೇ ಒಂದು ಹೂ ತೆರೆದಿತ್ತು.

ಕಾವ್ಯಾ ಹೊಸ್ತಿಲ ಮುಂದೆ ಸಾರಿಸಿ ಪಾಂಡವರನ್ನು ಕೂಡಿಸಿದಳು. ಭೀಮ ತುಸು ವಾಲಿದ್ದ. ಕೊನೆಗೆ ದ್ರೌಪದಿಯ ತಲೆಯ ಮೇಲೆ ನೀಲಿ ಹೂ ಇಟ್ಟು ಹಿಂದೆ ಸರಿದು ನೋಡಿದಳು.

"ಇದ ಅಪ್ಪಾ. ಇದ ಇದು. ಏನ ಇದರ ಹೆಸರು?"

"ನನಗ ಗೊತ್ತಿದ್ದದ್ದ" ಎಂದ ಮರಿಸ್ವಾಮಿ. ಕನ್ನಡಕವನ್ನು ಹಣೆಗೇರಿಸಿದ. "ಹಿತ್ತಗಾಣಿ."

ವ್ಯಾಪಾರಸ್ಥರಿಗೆ ಪಾಡ್ಯವೆಂದರೆ ವರ್ಷದ ಮೊದಲ ಬೋಣಿ. ಅಂದು ತಡ ಮಾಡಿದ ಅಂಗಡಿ ವರ್ಷವಿಡೀ ತಡ ಎಂದು ಗಂಜಿನ ನಂಬಿಕೆ. ಒಂಬತ್ತಕ್ಕೆ ಬುರ್ಹಾನುದ್ದೀನ್ ಫೋನು ಮಾಡಿದ. "ಸ್ವಾಮ್ಯಾರ, ಗಿರಾಕಿ ನಿಂತಾವ, ಶಟರ್ ಎತ್ತಬೇಕೋ ಬ್ಯಾಡೋ?" ಮರಿಸ್ವಾಮಿ ಬರುತ್ತೇನೆ ಎಂದ. ಹೊಸ್ತಿಲ ಬಳಿ ಮಣೆ ಹಾಕಿಕೊಂಡು ಕೂತೇ ಇದ್ದ. ಬಿಸಿಲು ಅಂಗಳದಿಂದ ಒಂದೊಂದೇ ಪಾಂಡವನನ್ನು ದಾಟಿ ಮೇಲೆ ಬರುತ್ತಿತ್ತು. ದ್ರೌಪದಿಯನ್ನು ಮುಟ್ಟಿದ ಸ್ವಲ್ಪ ಹೊತ್ತಿಗೆ ನೀಲಿ ಕಿವಿಗಳ ಅಂಚು ಮೆಲ್ಲಗೆ ಒಳಗೆ ಸುರುಳಿಯಾಯಿತು. ಅವನು ಕಣ್ಣು ಕೀಳಲಿಲ್ಲ. ಹಿಂದಿನ ವರ್ಷಗಳಲ್ಲಿ ಈ ಹೊತ್ತಿಗೆ ಅಂಗಡಿಯಲ್ಲಿರುತ್ತಿದ್ದ. ಇದು ಹೀಗೆ ಮುಗಿಯುವುದನ್ನು ಅವಳು ಒಬ್ಬಳೇ ಕೂತು ನೋಡುತ್ತಿದ್ದಳೇನೋ. ಕೇಳಬೇಕಿತ್ತು.

ಕಾವ್ಯಾ ಅವನನ್ನು ಅಂಗಡಿಗೆ ಬಿಡಲು ಗೇಟಿನ ಹೊರಗೆ ಸ್ಕೂಟಿ ಚಾಲೂ ಮಾಡಿ ನಿಂತಿದ್ದಳು. ಎರಡು ಸಲ ಹಾರ್ನ್ ಹೊಡೆದಳು.

"ಮುಗೀತೇನಪಾ?"

ಮರಿಸ್ವಾಮಿ ತಿರುಗಿ ನೋಡಲಿಲ್ಲ.

"ಗಾಡಿ ಬಂದ್ ಮಾಡು ಯವ್ವಾ" ಎಂದ. "ಇನ್ನೊಂದೀಟು ಅದ."